ನಾಲೆ ಪುಸ್ತಕ

ಅಂದು ಬೆಳಿಗ್ಗೆ ಕಪಿಲೆಯ ಮೇಲೆ ಮಂಜು ದಟ್ಟವಾಗಿ ಕುಳಿತಿತ್ತು. ಕಾರ್ತಿಕದ ಎರಡನೆಯ ಸೋಮವಾರ. ನಂಜನಗೂಡಿನ ಸ್ನಾನಘಟ್ಟದಲ್ಲಿ ಮುಳುಗೆದ್ದವರ ತಲೆಗಳು ಕಾಣುತ್ತಿದ್ದವು, ನೀರು ಕಾಣುತ್ತಿರಲಿಲ್ಲ. ರಾತ್ರಿಯ ಸೋನೆಗೆ ಮೆಟ್ಟಿಲುಗಳು ಪಾಚಿಗಟ್ಟಿದಂತೆ ಜಾರುತ್ತಿದ್ದವು. ಒಬ್ಬ ತಾಯಿ ಪುಟ್ಟ ಮಗಳ ರಟ್ಟೆ ಹಿಡಿದುಕೊಂಡು, "ಮೆಲ್ಲುಕೆ ಕಣವ್ವ, ಜಾರ್ತದೆ," ಎನ್ನುತ್ತ ಇಳಿಯುತ್ತಿದ್ದಳು. ದಿನವೂ ಹೊಳೆಯವರೆಗೆ ನಡೆದು, ನಂಜುಂಡನಿಗೆ ಹೊರಗಿನಿಂದಲೇ ಕೈಮುಗಿದು ಬರುವುದು ನನ್ನ ರೂಢಿ. ಅಂದು ಆ ಮಾತು ಕಿವಿಗೆ ಬಿದ್ದ ಮೇಲೆ ಕೈ ಮುಗಿಯಲು ಆಗಲಿಲ್ಲ. ಹಾಗೇ ಹಿಂದಿರುಗಿದೆ.

ಮನೆಯಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ದೃಷ್ಟಿ ನಿಲ್ಲಲಿಲ್ಲ. ಎದುರಿಗೆ ದೇವರ ಗೂಡಿನ ಪಕ್ಕದಲ್ಲಿ ನಾನೇ ಇಟ್ಟ ಒಂದು ಹಳೆಯ ನೋಟ್‌ಬುಕ್ಕಿತ್ತು. ಮತ್ತೆ ಮತ್ತೆ ಕಣ್ಣು ಅದರ ಮೇಲೆಯೇ ಹೋಗುತ್ತಿತ್ತು.

"ಇಡ್ಲಿ ಆರೋಯ್ತು," ಎಂದಳು ನನ್ನ ಹೆಂಡತಿ ಚನ್ನಬಸಮ್ಮ, ಬಾಗಿಲಲ್ಲಿ ನಿಂತು. "ಮೂರು ದಿನದಿಂದ ನೋಡ್ತಿದ್ದೀನಿ. ಯಾರದ್ರೀ ಆ ಪುಸ್ತಕ?"

"ಒಬ್ಬರು ಟೀಚರ್‌ದು. ಆರು ವರ್ಷದ ಹಿಂದೆ ತಂದಿದ್ದೆ. ಕೊಡೋದು ಮರೆತೆ."

"ಮರೆತ್ರೋ? ಕೊಡ್ಲಿಲ್ವೋ?"

ನಾನು ಲಿಂಗವನ್ನು ಕರಡಿಗೆಗೆ ಸೇರಿಸಿ ಮೇಲೆದ್ದೆ. 

ನಾನು ಒಂದು ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣ ವಿಭಾಗದ ಡೀನ್. ಹುಟ್ಟಿದ್ದು ಹೆಮ್ಮರಗಾಲದಲ್ಲಿ. ಐದು ತರಗತಿಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು ಇದ್ದ ಶಾಲೆಯಲ್ಲಿ ಓದಿದವನು. ಮೇಷ್ಟ್ರು ಎರಡನೇ ತರಗತಿಗೆ ಮಗ್ಗಿ ಹೇಳಿಕೊಡುವಾಗ ನಾಲ್ಕನೇ ತರಗತಿಯ ನಾವು ಗೋಡೆ ನೋಡುತ್ತ ಕೂರುತ್ತಿದ್ದೆವು. ಆ ಗೋಡೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಹತ್ತು ಮಕ್ಕಳಿಲ್ಲದ ಶಾಲೆಯನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸಿದರೆ ತರಗತಿಗೊಬ್ಬರು ಟೀಚರ್ ಸಿಗುತ್ತಾರೆ, ಪುಸ್ತಕದ ಬೀರು ಸಿಗುತ್ತದೆ, ಜೊತೆಗಾರರು ಸಿಗುತ್ತಾರೆ ಎಂದು ನಾನು ನಂಬಿದ್ದೆ. ಆ ವಾದ ಇವತ್ತಿಗೂ ಪೂರ್ತಿ ಸುಳ್ಳೆಂದು ಹೇಳಲಾರೆ.

ಸರ್ಕಾರವೂ ಅದನ್ನೇ ಯೋಚಿಸುತ್ತಿತ್ತು. ನಿಯಮ ಸರಳವಾಗಿತ್ತು. ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದು, ಒಂದು ಕಿಲೋಮೀಟರಿನೊಳಗೆ ಇನ್ನೊಂದು ಶಾಲೆ ಇದ್ದರೆ ಸೇರಿಸಬಹುದು. ಎಲ್ಲೆಲ್ಲಿ ಸೇರಿಸಬಹುದೆಂದು ಎರಡು ತಾಲ್ಲೂಕಿನಲ್ಲಿ ಅಧ್ಯಯನ ಮಾಡಿಕೊಡಲು ನನ್ನನ್ನು ಕೇಳಿದರು. ಅಧ್ಯಯನದ ಹಣ ಮಾರ್ಚಿನೊಳಗೆ ಮುಗಿಯಬೇಕು. ಹಾಗಾಗಿ ನಾವು ಯಾವಾಗಲೂ ಊರೂರು ಸುತ್ತುವುದು ಫೆಬ್ರವರಿ, ಮಾರ್ಚಿನಲ್ಲೇ. ಬಿಸಿಲಿರುತ್ತದೆ, ದಾರಿ ಒಣಗಿರುತ್ತದೆ, ಜೀಪು ಎಲ್ಲಿಗೆಂದರಲ್ಲಿಗೆ ಹೋಗುತ್ತದೆ. ನಾಲೆಗಳಲ್ಲಿ ಆಗ ನೀರಿರುವುದಿಲ್ಲ.

ಸೋಸಲೆಯಿಂದ ಆಚೆಗೆ ಕೆಂಚನಕೊಪ್ಪಲು ಎಂಬ ಇಪ್ಪತ್ತಾರು ಮನೆಯ ಊರು. ಅಲ್ಲಿನ ಶಾಲೆಯಲ್ಲಿ ಏಳು ಮಕ್ಕಳು, ಒಬ್ಬರೇ ಟೀಚರ್, ವನಜಾಕ್ಷಿ. ನಾಲೆಯ ಆಚೆ ದಡದಲ್ಲಿ ದೊಡ್ಡ ಊರಿನ ಶಾಲೆ. ನಾನೂ ನನ್ನ ಸಂಶೋಧನಾ ಸಹಾಯಕ ಮದನನೂ ಒಣಗಿದ ನಾಲೆಯೊಳಗೆ ಇಳಿದು, ಮರಳ ಮೇಲೆ ನಡೆದು, ಆಚೆ ಹತ್ತಿದೆವು. ಅಳೆದಾಗ ಒಂಬೈನೂರು ಮೀಟರ್.

ಹಿಂದಿರುಗಿ ಬಂದಾಗ ವನಜಾಕ್ಷಿ ಮಜ್ಜಿಗೆ ಕೊಟ್ಟರು. ಕುಡಿಯುತ್ತಿದ್ದ ನನ್ನ ಮುಂದೆ ಈ ನೋಟ್‌ಬುಕ್ ಇಟ್ಟರು. ಕಂದು ರಟ್ಟಿನ ಮೇಲೆ ದುಂಡಗಿನ ಅಕ್ಷರದಲ್ಲಿ 'ನಾಲೆ ಪುಸ್ತಕ' ಎಂದು ಬರೆದಿತ್ತು. ಹದಿನಾಲ್ಕು ವರ್ಷದಿಂದ ಬರೆದದ್ದು. ಒಂದು ಪುಟದಲ್ಲಿ ಹೀಗಿತ್ತು:

"ಜುಲೈ 19. ನಾಲೆಗೆ ನೀರು ಬಿಟ್ಟರು. ಆಚೆಯ ಗದ್ದೆಮನೆಯ ಇಬ್ಬರು ಮಕ್ಕಳು ಬರಲಿಲ್ಲ. ಡಿಸೆಂಬರ್ 28. ನೀರು ನಿಂತಿತು. ಇಬ್ಬರೂ ಬಂದರು. ಕಾಗುಣಿತ ಮರೆತಿದ್ದಾರೆ."

"ಸರ್, ನೀರಿರುವಾಗ ಸೇತುವೆ ಸುತ್ತಿ ಹೋಗಬೇಕು. ನಾಲ್ಕೂ ಮುಕ್ಕಾಲು ಕಿಲೋಮೀಟರು," ಎಂದರು ಆಕೆ. "ಅಷ್ಟು ದೂರ ಮಕ್ಕಳು ಸುತ್ತಲ್ಲ. ನಾಲೆಗೆ ಅಡ್ಡ ಒಂದು ಹಳೇ ಪೈಪಿದೆ, ಅದರ ಮೇಲೆ ನಡೀತಾವೆ. ಇದನ್ನ ದಯವಿಟ್ಟು ನೋಡಿ."

"ನೋಡ್ತೀನಿ ಮೇಡಂ. ಎಂಟು ದಿನದಲ್ಲಿ ವಾಪಸ್ ಕಳಿಸ್ತೀನಿ," ಎಂದು ತಂದೆ.

ನಮ್ಮ ನಮೂನೆಯಲ್ಲಿ ದೂರ ಬರೆಯಲು ಒಂದೇ ಚೌಕವಿತ್ತು. ಮದನ್ ಕೇಳಿದ, "ಸರ್, ಎರಡು ಅಂಕಿ ಬರ್ತಾ ಇದೆ. ಯಾವುದು ಹಾಕಲಿ?" ನಾನು ತಲೆಯೆತ್ತದೆ, "ನಾವೇ ಅಳೆದದ್ದು ಹಾಕು," ಎಂದೆ. ಅಷ್ಟೇ ನಡೆದದ್ದು. ಮೂರೇ ಮಾತು.

ಹೆಮ್ಮರಗಾಲದಲ್ಲಿ ನಮ್ಮಜ್ಜಿ ಮುದ್ದಮ್ಮ ಕತೆ ಹೇಳುತ್ತಿದ್ದಳು. ಅವಳ ಕತೆಯಲ್ಲಿ ರಾಜಕುಮಾರ ಊರು ಬಿಟ್ಟರೆ ಬೇಗ ತಲುಪುತ್ತಿರಲಿಲ್ಲ. "ಎಷ್ಟು ದೂರ ಅಜ್ಜಿ?" ಎಂದರೆ, "ಬ್ಯಾಸಗೇಲಾದ್ರೆ ಎರಡು ಸಲ ಎಲೆಅಡಿಕೆ ಆಕ್ಕೊಳೋವಷ್ಟು. ಮಳೆಗಾಲದಲ್ಲಾದ್ರೆ ದೋಣಿಯೋನು ಕರುಣೆ ತೋರ್ಸಿದಷ್ಟು," ಎನ್ನುತ್ತಿದ್ದಳು. ಕೇಳುವವರು ಮಾತು ಮಾತಿಗೂ ಊಂಗುಟ್ಟಬೇಕು. ತಪ್ಪಿದರೆ ಅಲ್ಲೇ ನಿಲ್ಲಿಸಿ, "ನೀ ಊಂ ಅನ್ನದೆ ಇದ್ರೆ ನಾ ಗ್ವಾಡೆಗೆ ಏಳ್ತಿದ್ದೀನಾ?" ಎಂದು ಬೈಯುತ್ತಿದ್ದಳು. ಓದು ಬರದ ಆ ಮುದುಕಿಗೆ ತಿಳಿದಿದ್ದ ದೂರದ ಲೆಕ್ಕ ನನ್ನ ಡಾಕ್ಟರೇಟಿಗೆ ತಿಳಿಯಲಿಲ್ಲ. ವನಜಾಕ್ಷಿ ಹದಿನಾಲ್ಕು ವರ್ಷ ಹೇಳಿದ್ದಕ್ಕೆ ನಾನು ಊಂ ಕೂಡ ಅನ್ನಲಿಲ್ಲ.

ವರದಿ ಅಚ್ಚಾಯಿತು. ಕೆಂಚನಕೊಪ್ಪಲಿನ ಶಾಲೆಗೆ ಬೀಗ ಬಿತ್ತು. ವನಜಾಕ್ಷಿಯನ್ನು ಆಚೆ ದಡದ ಶಾಲೆಗೇ ಹಾಕಿ, ಊರಿನ ಮಕ್ಕಳು ತಪ್ಪದೆ ಬರುವಂತೆ ನೋಡಿಕೊಳ್ಳುವ ಹೊಣೆಯನ್ನೂ ಅವರಿಗೇ ಕೊಟ್ಟರು. ಮಕ್ಕಳನ್ನು ಕರೆತರಲು ವ್ಯಾನು ಒಂದು ವರ್ಷ ಬಂತು, ಆಮೇಲೆ ಬರಲಿಲ್ಲ. ನಾನು ಡೀನ್ ಆದೆ. ಬೇರೆ ಜಿಲ್ಲೆಯವರು ಆ ವರದಿಯನ್ನು ತರಿಸಿಕೊಂಡು ಓದಿದರು.

ಈ ಆಗಸ್ಟಿನಲ್ಲಿ, ತುಂಬಿದ ನಾಲೆಯ ಮೇಲಿನ ಪೈಪಿನಿಂದ ಮೂರನೇ ತರಗತಿಯ ಶ್ವೇತ ಎಂಬ ಹುಡುಗಿ ಜಾರಿಬಿದ್ದಳು. ಎಂಟು ವರ್ಷ. ಎರಡನೆಯ ದಿನ ತೂಬಿನ ಹತ್ತಿರ ಸಿಕ್ಕಳು. ಬೆನ್ನಿಗೆ ಚೀಲ ಹಾಗೇ ಇತ್ತು.

ಯಾರಾದರೂ ಉತ್ತರ ಹೇಳಬೇಕಲ್ಲ. ನಾಲೆಯ ಅಪಾಯವನ್ನು ಮೇಲಿನವರಿಗೆ ಎಂದೂ ಲಿಖಿತವಾಗಿ ತಿಳಿಸಿಲ್ಲವೆಂದು ವನಜಾಕ್ಷಿಯ ಮೇಲೆ ಆರೋಪ ಬಂತು. ವಿಚಾರಣೆಗೆ ಮೂವರ ಸಮಿತಿ ಮಾಡಿ, ಹೊರಗಿನ ತಜ್ಞರೆಂದು ನನ್ನನ್ನು ಸೇರಿಸಿದರು. ಊರಿನ ಹೆಸರು ಓದಿದಾಗಲೂ ನನಗೆ ಈ ಪುಸ್ತಕ ನೆನಪಾಗಿರಲಿಲ್ಲ. ಅಧ್ಯಯನದ ಹಳೆಯ ಕಾಗದ ಹುಡುಕಲು ಕಚೇರಿಯ ಬೀರು ತೆಗೆದೆ. ತಳದಲ್ಲಿ, ಊದುಬತ್ತಿಯ ಖಾಲಿ ಡಬ್ಬಿಯ ಕೆಳಗೆ, ಈ ಪುಸ್ತಕ ಸಿಕ್ಕಿತು. ಆಕೆ ಲಿಖಿತವಾಗಿ ತಿಳಿಸಿದ್ದಕ್ಕೆ ಲೋಕದಲ್ಲಿರುವ ಒಂದೇ ಸಾಕ್ಷಿ. ಅದು ಹೊರಬಂದರೆ ಆಕೆಯ ಹೆಸರು ಉಳಿಯುತ್ತದೆ, ನನ್ನದು ಹೋಗುತ್ತದೆ. ಬರದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮೂರು ದಿನ ದೇವರ ಮುಂದಿಟ್ಟು ನೋಡಿದೆ. ದೇವರು ಏನೂ ಹೇಳಲಿಲ್ಲ. ಹೇಳುವುದೆಲ್ಲ ಆ ಪುಸ್ತಕದಲ್ಲೇ ಇತ್ತಲ್ಲ.

ಆ ಸೋಮವಾರ ವಿಚಾರಣೆಗೆ ಹೋಗಲು ಮದನ್ ಕಾರು ತಂದಿದ್ದ. ಈಗ ಅವನು ನಮ್ಮಲ್ಲೇ ಅಧ್ಯಾಪಕ. ನಂಜನಗೂಡು ದಾಟಿ ತಿ.ನರಸೀಪುರದ ರಸ್ತೆ ಹಿಡಿದ ಮೇಲೂ ಮಂಜು ಬಿಡಲಿಲ್ಲ. ನಾನು ಚೀಲದಿಂದ ಪುಸ್ತಕ ತೆಗೆದು ತೋರಿಸಿದೆ. ಅವನು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿಯೇಬಿಟ್ಟ.

"ಇದು ಇನ್ನೂ ಇದೆಯಾ ಸರ್?"

"ಇದೆ. ನಿನಗೆ ನೆನಪಿದೆಯಾ?"

"ಮರೆಯೋಕಾಗುತ್ತಾ ಸರ್? ಪೇಪರಲ್ಲಿ ಊರಿನ ಹೆಸರು ನೋಡಿದ ದಿವಸವೇ ನನಗೆ ಅನ್ನ ಇಳೀಲಿಲ್ಲ." ಸ್ವಲ್ಪ ಹೊತ್ತು ಸ್ಟಿಯರಿಂಗ್ ಮೇಲೆ ಬೆರಳು ಬಡಿದ. "ಆದ್ರೆ ಸರ್, ಇವತ್ತು ಇದನ್ನ ಎತ್ತಬೇಡಿ. ನನಗೋಸ್ಕರ ಹೇಳ್ತಿಲ್ಲ. ಎರಡು ಅಂಕಿಯಲ್ಲಿ ಒಂದು ಹಾಕೋದು ತಪ್ಪು ಅಂದ್ರೆ ಯಾರೂ ಸರ್ವೆ ಮಾಡೋಹಂಗಿಲ್ಲ."

"ನೀನು ಕೇಳಿದೆ ಕಣಪ್ಪ. ಕೇಳಿದವನದು ತಪ್ಪಿಲ್ಲ."

"ನೀವು 'ಹಾಕು' ಅಂದಾಗ ನಾನು ಇನ್ನೊಂದು ಸಲ ಕೇಳಬೋದಿತ್ತು," ಎಂದು ಕಾರು ಹೊರಡಿಸಿದ.  ಬದಿಯಲ್ಲಿ ನಾಲೆ ಬಂದು ನಮ್ಮ ಜೊತೆಗೇ ಹರಿಯಿತು. ನೀರು ದಡದ ಅಂಚಿಗಿತ್ತು.

ವಿಚಾರಣೆ ನಡೆದದ್ದು ಹಳೆಯ ತರಬೇತಿ ಕೇಂದ್ರವೊಂದರ ಕೋಣೆಯಲ್ಲಿ. ಸಮಿತಿಯ ಅಧ್ಯಕ್ಷ ರಾಜೇಂದ್ರ, ಇಲಾಖೆಯ ಅಧಿಕಾರಿ, ಚುರುಕು ಮನುಷ್ಯ, ನಗುನಗುತ್ತಲೇ ಕೆಲಸ ಮುಗಿಸುವವರು. ಮೂರನೆಯ ಸದಸ್ಯರು ರಜೆ ಹಾಕಿದ್ದರು. ಬೆರಳಚ್ಚಿನವನೊಬ್ಬ ಕಂಪ್ಯೂಟರಿನ ಮುಂದೆ. ಗೋಡೆ ಬದಿಯ ಬೆಂಚಿನಲ್ಲಿ ಹುಡುಗಿಯ ತಂದೆ ತಿಮ್ಮಯ್ಯ, ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತ. ಎದುರಿನ ಕುರ್ಚಿಯಲ್ಲಿ ವನಜಾಕ್ಷಿ. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿದರು. ಗುರುತು ಹಿಡಿದರು.

"ಮೇಡಂ, ಸುಲಭದ ಪ್ರಶ್ನೆ," ಎಂದರು ರಾಜೇಂದ್ರ. "ನಾಲೆ ಡೇಂಜರ್ ಅಂತ ಮೇಲಿನವರಿಗೆ ಬರೆದ ಒಂದು ಲೆಟರು, ಒಂದು ಚೀಟಿ. ಇದ್ರೆ ತೋರಿಸಿ, ಮನೆಗೆ ಹೋಗಿ."

"ಬರೆದಿದ್ದೆ ಸರ್. ಲೆಟರಲ್ಲ, ಒಂದು ಪುಸ್ತಕ. ಹದಿನಾಲ್ಕು ವರ್ಷದ್ದು."

"ಎಲ್ಲಿದೆ?"

"ಶಾಲೆ ಮುಚ್ಚೋ ಮುಂಚೆ ಸರ್ವೆಗೆ ಬಂದಿದ್ದರು. ಅವರ ಕೈಗೆ ಕೊಟ್ಟೆ. ಇಲಾಖೆಯವರೇ ಕಳಿಸಿದವರು ಅಲ್ವಾ, ಅವರಿಗೆ ಕೊಟ್ಟರೆ ಮೇಲಿನವರಿಗೆ ಕೊಟ್ಟ ಹಾಗೇ ಅಂದ್ಕೊಂಡೆ."

"ಸರ್ವೆಗೆ ಎಷ್ಟೋ ಜನ ಸುತ್ತಿರ್ತಾರೆ. ಯಾರು ಬಂದಿದ್ದೋರು? ಹೆಸರು?"

ಆಕೆ ಮೇಜಿನ ಮೇಲಿದ್ದ ನನ್ನ ಹೆಸರಿನ ಫಲಕವನ್ನು ನೋಡಿದರು. ಅಲ್ಲಿ ದೊಡ್ಡ ಅಕ್ಷರದಲ್ಲಿ ಪುಟ್ಟಬಸವಯ್ಯ ಎಂದಿತ್ತು. 

"ನೆನಪಿಲ್ಲ ಸರ್," ಎಂದರು.

ರಾಜೇಂದ್ರ ನಕ್ಕರು. "ನಮ್ಮ ಮಕ್ಕಳೂ ಇದನ್ನೇ ಹೇಳೋದಲ್ವಾ ಮೇಡಂ? ಹೋಂವರ್ಕ್ ಮಾಡಿದ್ದೆ ಮಿಸ್, ಬುಕ್ಕು ಮನೇಲಿ ಬಿಟ್ಟುಬಂದೆ ಅಂತ." ಬೆರಳಚ್ಚಿನವನೂ ನಕ್ಕ.

"ಹಾಗೆ ಹೇಳಿದ ಮಕ್ಕಳನ್ನ ನಾನು ಯಾವತ್ತೂ ಹೊಡೆದಿಲ್ಲ ಸರ್," ಎಂದರು ವನಜಾಕ್ಷಿ. "ಕೆಲವು ಸಲ ನಿಜವಾಗಲೂ ಮನೇಲಿ ಇರುತ್ತೆ."

 ರಾಜೇಂದ್ರ ತಿಮ್ಮಯ್ಯನ ಕಡೆ ತಿರುಗಿದರು. "ನೀವು ಹೇಳಿಯಪ್ಪ. ಟೀಚರ್ ಕಡೆಯಿಂದ ಏನು ತಪ್ಪಾಯ್ತು?"

ತಿಮ್ಮಯ್ಯ ಎದ್ದು ನಿಂತ. "ನಾನೇನು ಏಳಾದು ಸಾ. ಮಳೆ ಬಂದ್ ದಿನ ಟೀಚರಮ್ಮನೇ ಪೈಪಿನ್ ತಾವ್ ಬಂದು ನಿಂತ್ಕತಿದ್ರು. ಅವತ್ತು ಅವ್ರಿಗೆ ಮೀಟಿಂಗು ಅಂತ ಕರೆಸ್ಕಂಡಿದ್ರಂತೆ. ನನ್ ಕೂಸು ಓಯ್ತು. ನಂಗೆ ದುಡ್ಡು ಕಾಸು ಬ್ಯಾಡ, ಯಾರ್ನೂ ಜೈಲಿಗ್ ಆಕೋದೂ ಬ್ಯಾಡ. ಇಂಥೋರಿಂದ ಇಂಗಾಯ್ತು ಅಂತ ಒಬ್ರುನ್ನ ತೋರ್ಸಿ ಸಾ. ಒಂದ್ ಸಲ ಅವ್ರ ಮಕ ನೋಡ್ಕಂಡು ಓಯ್ತೀನಿ."

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ರಾಜೇಂದ್ರ ಟೀಗೆ ಬಿಟ್ಟರು.

ಜಗುಲಿಯಲ್ಲಿ ಅವರು ನನ್ನ ಕೈಗೆ ಲೋಟ ಕೊಟ್ಟು ತಗ್ಗಿದ ದನಿಯಲ್ಲಿ ಹೇಳಿದರು: "ಡೀನ್ ಸಾಹೇಬ್ರೇ, ಹನ್ನೆರಡೂವರೆಗೆ ಮುಗಿಸಿಬಿಡೋಣ. ಕರ್ತವ್ಯಲೋಪ, ಒಂದು ಛೀಮಾರಿ, ಅಷ್ಟೇ. ಮುಂದಿನ ತಿಂಗಳು ಹೆಂಗಸು ರಿಟೈರ್ ಆಗುತ್ತೆ, ಯಾರಿಗೂ ನೋವಿಲ್ಲ. ನಿಮ್ಮ ರಿಪೋರ್ಟ್ ಮೇಲೇ ಎರಡನೇ ಪಟ್ಟಿ ರೆಡಿ ಆಗಿದೆ. ಇನ್ನೂ ನಲವತ್ಮೂರು ಶಾಲೆ. ನಾಳೆ ಸಹಿಗೆ ಬರುತ್ತೆ. ಇದು ಎಳೆದಷ್ಟೂ ಅದಕ್ಕೆ ಅಡ್ಡಿ."

"ಆ ನಲವತ್ಮೂರರ ದೂರ ಅಳೆದದ್ದು ಯಾವ ತಿಂಗಳಲ್ಲಿ?"

"ಹೊಸದಾಗಿ ಯಾಕೆ ಅಳೀಬೇಕು? ನಿಮ್ಮದೇ ಅಂಕಿ ಇದ್ಯಲ್ಲ," ಎಂದು ಅವರು ಹೆಗಲು ತಟ್ಟಿ ಒಳಗೆ ಹೋದರು.

ಅಧ್ಯಯನವೆಂದರೆ ಹೀಗೆ. ಒಂದು ಸಲ ಚೌಕದೊಳಗೆ ಕೂತ ಅಂಕಿ ಮತ್ತೆ ಏಳುವುದಿಲ್ಲ. ಒಬ್ಬರ ವರದಿಯಿಂದ ಇನ್ನೊಬ್ಬರದಕ್ಕೆ, ಅಲ್ಲಿಂದ ಆದೇಶಕ್ಕೆ ದಾಟಿಕೊಂಡು ಹೋಗುತ್ತದೆ. ದಾರಿಯಲ್ಲಿ ಯಾರೂ ಅದನ್ನು ನಿಲ್ಲಿಸಿ, ನೀನು ಯಾವ ತಿಂಗಳಲ್ಲಿ ಹುಟ್ಟಿದವನು ಎಂದು ಕೇಳುವುದಿಲ್ಲ. ಕವಲಂದೆಯ ಕಡೆಯೂ ಹೊಲದ ನಡುವೆ ಹಳ್ಳ ದಾಟುವ ಊರುಗಳಿವೆ. ಅಲ್ಲೂ ನಾನು ಮಾರ್ಚಿನಲ್ಲೇ ನಡೆದಿದ್ದೆ.

ಮದನ್ ಹತ್ತಿರ ಬಂದ. "ಸರ್, ಚೀಲ ಕಾರಲ್ಲಿಡ್ಲಾ?" ಎಂದ. ಅವನು ನನ್ನ ಮುಖ ನೋಡುತ್ತಿರಲಿಲ್ಲ.

"ಬೇಡಪ್ಪ," ಎಂದೆ.

ಒಳಗೆ ಹೋಗಿ ನಾನು ಸಮಿತಿಯ ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ಈಚೆಗೆ, ವನಜಾಕ್ಷಿಯ ಪಕ್ಕದಲ್ಲಿ ನಿಂತೆ.

"ಪುಸ್ತಕ ತಗೊಂಡು ಹೋದವನು ನಾನು," ಎಂದೆ. "ಇಲ್ಲಿದೆ. ಎರಡು ದೂರ ಇದರಲ್ಲಿ ಬರೆದಿದೆ. ನೀರಿಲ್ಲದಾಗಿನ ದೂರವನ್ನು ಮಾತ್ರ ನಾನು ವರದಿಗೆ ಹಾಕಿಸಿದೆ. ಇನ್ನೊಂದನ್ನು ಹಾಕಿದ್ದರೆ ಆ ಶಾಲೆ ಮುಚ್ಚುತ್ತಿರಲಿಲ್ಲ."

ಬೆರಳಚ್ಚಿನವನು ಕೈ ತೆಗೆದು ಅಧ್ಯಕ್ಷರ ಕಡೆ ನೋಡಿದ. ರಾಜೇಂದ್ರ, "ಸಾರ್, ಇದು ರೆಕಾರ್ಡಿಗೆ ಹೋಗುತ್ತೆ," ಎಂದರು.

"ಅದಕ್ಕೇ ಹೇಳ್ತಿರೋದು. ಬರೆದುಕೊಳ್ಳಿ. ನನ್ನ ಅಂಕಿ ಇಟ್ಟುಕೊಂಡು ಎರಡನೇ ಪಟ್ಟಿ ಮಾಡಬಾರದು ಅಂತಲೂ ಬರೆದುಕೊಳ್ಳಿ."

"ಬರ್ಕೋಬೋದು ಸಾರ್," ಎಂದರು ಅವರು, ಈ ಸಲ ನಗದೆ. "ಪಟ್ಟಿ ನಿಲ್ಲುತ್ತೆ ಅಂತ ಮಾತ್ರ ನಾನು ಹೇಳಲ್ಲ."

ಬಾಗಿಲ ಬಳಿ ನಿಂತಿದ್ದ ಮದನ್, "ಎರಡು ಅಂಕಿ ಇದ್ದದ್ದು ನನಗೂ ಗೊತ್ತಿತ್ತು ಸರ್. ನನ್ನ ಹೇಳಿಕೆಯನ್ನೂ ತಗೊಳ್ಳಿ," ಎಂದ. ನಾನು ಅವನನ್ನು ತಡೆಯಲಿಲ್ಲ.

ತಿಮ್ಮಯ್ಯ ಬೆಂಚಿನಿಂದ ಎದ್ದು ನನ್ನೆದುರಿಗೆ ಬಂದು ನಿಂತ. ಹೇಳಿದ ಹಾಗೆಯೇ ನನ್ನ ಮುಖ ನೋಡಿದ. ಬೈಯುತ್ತಾನೆಂದು, ಹೊಡೆಯುತ್ತಾನೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಬಹಳ ಹೊತ್ತು ನೋಡಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ನನ್ನ ಹೇಳಿಕೆ, ಮದನನ ಹೇಳಿಕೆ, ಸಹಿ, ಮೊಹರು ಎಲ್ಲ ಮುಗಿಯುವ ಹೊತ್ತಿಗೆ ಮೂರು ಗಂಟೆ. ಪುಸ್ತಕದ ಜೆರಾಕ್ಸ್ ಇಟ್ಟುಕೊಂಡು ಮೂಲವನ್ನು ನನ್ನ ಕೈಗೆ ಕೊಟ್ಟರು. ವನಜಾಕ್ಷಿಯ ಮೇಲಿನ ಆರೋಪ ಬಿದ್ದುಹೋಯಿತು. ನನ್ನನ್ನು ಏನು ಮಾಡಬೇಕೆಂಬುದು ಮೇಲಿನಿಂದ ಬರಬೇಕಿತ್ತು.

ಹೊರಗೆ ಮಂಜು ಕರಗಿ ಬಿಸಿಲು ಬಂದಿತ್ತು. ಗೇಟಿನ ಹೊಂಗೆಮರದ ಕೆಳಗೆ ವನಜಾಕ್ಷಿ ಬಸ್ಸಿಗೆ ಕಾಯುತ್ತಿದ್ದರು. ಹೋದನೆಂದುಕೊಂಡಿದ್ದ ತಿಮ್ಮಯ್ಯ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

"ಮೇಡಂ, ಅಲ್ಲಿ ನನ್ನ ಹೆಸರು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನೀವು ಇಲ್ಲ ಅಂದುಬಿಟ್ಟಿದ್ರೆ?" ಎಂದರು ಆಕೆ. "ಆಮೇಲೆ ನಿಮಗೂ ದಾರಿ ಇರ್ತಿರಲಿಲ್ಲ, ನನಗೂ ಇರ್ತಿರಲಿಲ್ಲ."

ತಿಮ್ಮಯ್ಯ ಪುಸ್ತಕವನ್ನೇ ನೋಡುತ್ತಿದ್ದ. "ಅದ್ರೊಳಗೆ ನನ್ ಕೂಸಿನ ಎಸ್ರು ಅದಾ?"

ಇತ್ತು. ಮೂರು ದಿನದಿಂದ ನಾನು ದಾಟಿ ಹೋಗುತ್ತಿದ್ದ ಕೊನೆಯ ಪುಟ. ತನ್ನ ಶಾಲೆ ಖಾಲಿಯಾಗುವುದಿಲ್ಲವೆಂದು ತೋರಿಸಲು ಆಕೆ ಮುಂದೆ ಸೇರಬೇಕಾದ ಮಕ್ಕಳನ್ನು, ತೊಟ್ಟಿಲಲ್ಲಿದ್ದವರನ್ನೂ ಬಿಡದೆ, ಬರೆದಿಟ್ಟಿದ್ದರು. ನಾನು ಪುಟ ತೆರೆದೆ.

"ಇನ್ನು ನಾಲ್ಕು ವರ್ಷಕ್ಕೆ ಸೇರುವವರು," ಎಂದು ಓದಿದೆ.

"ಊಂ," ಎಂದ ತಿಮ್ಮಯ್ಯ.

"ಶ್ವೇತ. ತಿಮ್ಮಯ್ಯನ ಮಗಳು."

"ಊಂ."

"ಈಗ ಎರಡು ವರ್ಷ. ಮಾತು ಚೆನ್ನಾಗಿ ಆಡುತ್ತಾಳೆ."

ಅವನು ಊಂಗುಟ್ಟಲಿಲ್ಲ. ಮರದ ಬುಡಕ್ಕೆ ಮುಖ ತಿರುಗಿಸಿಕೊಂಡ. ನಾನು ಪುಸ್ತಕ ಮುಚ್ಚಿ, ರಟ್ಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ವನಜಾಕ್ಷಿಯವರಿಗೆ ಕೊಟ್ಟೆ. ಆಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು.